ಕಟ್ಟುವ ಹಣ, ನಡೆಸುವ ಹಣ

(ಕೊಪ್ಪಳದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಾವು ಕುಳಿತಿರುವ ಈ ಸಭಾಂಗಣದಿಂದ ತುಂಗಭದ್ರಾ ಅಣೆಕಟ್ಟು ಬಹಳ ದೂರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅದರ ನೀರು ಹೊರಬಿಡುವ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋದದ್ದು ನಿಮ್ಮೆಲ್ಲರಿಗೂ ನೆನಪಿದೆ. ಜಲಾಶಯ ತುಂಬಿದ್ದನ್ನು ಕಂಡು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ರೈತರು ನೆಮ್ಮದಿಯಿಂದ ಭತ್ತ ನಾಟಿ ಮಾಡುತ್ತಿದ್ದ ಕಾಲ ಅದು. ಒತ್ತಡ ಇಳಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಕಿಂಡಿಯನ್ನು ಮುಚ್ಚಲು ಸುಮಾರು ಒಂದು ವಾರ ಹಿಡಿಯಿತು. ಆ ವಾರ ಹಗಲು ರಾತ್ರಿ ದುಡಿದ ತಂತ್ರಜ್ಞರಿಗೆ ಮತ್ತು ಕಾರ್ಮಿಕರಿಗೆ ನಾವು ಋಣಿಗಳು. ಆದರೆ ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಆ ವಾರದ ಬಗ್ಗೆ ಅಲ್ಲ, ಅದರ ಹಿಂದಿನ ಎಪ್ಪತ್ತು ವರ್ಷಗಳ ಬಗ್ಗೆ.

ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಿ. ಅದಕ್ಕೆ ಅಡಿಗಲ್ಲು ಹಾಕಿದ ದಿನ, ಮೊದಲ ಸಲ ಕಾಲುವೆಗೆ ನೀರು ಬಿಟ್ಟ ದಿನ ಚರಿತ್ರೆಯಲ್ಲಿ ದಾಖಲಾಗಿವೆ. ಸರಪಳಿಗೆ ಗ್ರೀಸು ಹಚ್ಚಿದ ದಿನ, ತುಕ್ಕು ಕೆರೆದು ಬಣ್ಣ ಬಳಿದ ದಿನ ಯಾವ ಚರಿತ್ರೆಯಲ್ಲೂ ಇರುವುದಿಲ್ಲ. ಸರಪಳಿಗೆ ಯಾರೂ ಭೂಮಿಪೂಜೆ ಮಾಡುವುದಿಲ್ಲ. ಆದರೂ ಲಕ್ಷಾಂತರ ಎಕರೆಯ ಬೆಳೆ, ಮೂರು ರಾಜ್ಯಗಳ ನೀರು ಕೊನೆಗೆ ಆ ಸರಪಳಿಯ ಮೇಲೆಯೇ ನಿಂತಿತ್ತು. ಆ ಘಟನೆಯ ನಂತರ 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನಕ್ಕೆ ಬರಲಾಯಿತು. ವರ್ಷ ವರ್ಷವೂ ಸಣ್ಣ ಮೊತ್ತದಲ್ಲಿ ಎತ್ತಿಡಬೇಕಾದ ಖರ್ಚನ್ನು ಎತ್ತಿಡದೇ ಹೋದರೆ ಅದು ಒಂದು ದಿನ ದೊಡ್ಡ ಮೊತ್ತವಾಗಿ, ರೈತನ ಬೆಳೆಯ ಲೆಕ್ಕದಲ್ಲಿಯೂ ಸೇರಿಕೊಂಡು ನಮ್ಮ ಮುಂದೆ ಬರುತ್ತದೆ.

ಸರ್ಕಾರದ ಹಣದಲ್ಲಿ ಎರಡು ಬಗೆಯಿದೆ ಎಂದು ಇಟ್ಟುಕೊಳ್ಳೋಣ. ಒಂದು ಕಟ್ಟುವ ಹಣ, ಇನ್ನೊಂದು ನಡೆಸುವ ಹಣ. ಶಾಲೆಯ ಕೊಠಡಿ ಕಟ್ಟುವ ಹಣದಿಂದ ಆಗುತ್ತದೆ. ಅಲ್ಲಿ ಪಾಠ ಹೇಳುವ ಶಿಕ್ಷಕಿ, ಶೌಚಾಲಯಕ್ಕೆ ನೀರು, ಬಿಸಿಯೂಟದ ಅಡುಗೆಯವರ ಗೌರವಧನ, ಸೋರುವ ಮಾಳಿಗೆಯ ರಿಪೇರಿ, ಇವೆಲ್ಲ ನಡೆಸುವ ಹಣದಿಂದ ಆಗಬೇಕು. ಮನೆ ಕಟ್ಟಿಸಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಕಟ್ಟುವ ಖರ್ಚು ಒಂದು ಸಲದ್ದು, ಒಲೆ ಹೊತ್ತಿಸುವ ಖರ್ಚು ಪ್ರತಿ ದಿನದ್ದು. ಸಾರ್ವಜನಿಕ ಸೇವೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಒಲೆಯ ಕಡೆಗೆ ಸೇರಿದ್ದು. ನಮ್ಮ ಭಾಗಕ್ಕೆ ಕಟ್ಟುವ ಹಣ ತಡವಾಗಿಯಾದರೂ ಬರತೊಡಗಿದೆ. ನಡೆಸುವ ಹಣ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆಯೇ ಎಂಬುದು ಇಂದಿಗೂ ನಮ್ಮ ಪಂಚಾಯಿತಿಗಳಿಗೆ ಖಚಿತವಿಲ್ಲ. ನನ್ನ ಇಡೀ ಮಾತು ಇದರ ಸುತ್ತಲೇ ಇದೆ.

ನಾನು ಬದುಕಿನ ಬಹುಪಾಲು ಲೆಕ್ಕಪರಿಶೋಧನೆಯ ಕೆಲಸದಲ್ಲಿ ಕಳೆದವನು. ಪಂಚಾಯಿತಿಗಳ ನಗದು ಪುಸ್ತಕ, ಓಚರು, ಅಳತೆ ಪುಸ್ತಕ ನೋಡುವುದೇ ನನ್ನ ದಿನಚರಿಯಾಗಿತ್ತು. ಬಹಳ ವರ್ಷಗಳ ಹಿಂದಿನ ಒಂದು ತಪಾಸಣೆಯನ್ನು ನಾನು ಮರೆತಿಲ್ಲ. ಊರಿನ ಹೆಸರು ಬೇಡ, ಅದು ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳ ಯಾವ ಊರಾದರೂ ಆಗಬಹುದು. ಆ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ಒಂದು ಕಚೇರಿ ಕಟ್ಟಡದ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ ಬಿಲ್ಲು ಪಾಸಾಗಿತ್ತು. ಹಳೆಯ ನೆಲ ಇನ್ನೂ ಚೆನ್ನಾಗಿಯೇ ಇತ್ತೆಂದು ಅಲ್ಲಿನವರೇ ಹೇಳಿದರು. ಆ ಅನುದಾನ ಕಟ್ಟಡ ಕಾಮಗಾರಿಗೆಂದೇ ಬಂದಿತ್ತು, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಲ್ಯಾಪ್ಸ್ ಆಗಿ ಕೈತಪ್ಪಿ ಹೋಗುತ್ತಿತ್ತು. ಅದೇ ಊರಿನ ನೀರಗಂಟಿಗೆ ಏಳು ತಿಂಗಳಿಂದ ಸಂಬಳವಾಗಿರಲಿಲ್ಲ. ನಸುಕಿನಲ್ಲಿ ಎದ್ದು ವಾಲ್ವ್ ತಿರುಗಿಸಿ, ಕೇರಿ ಕೇರಿಗೆ ಸರದಿಯಂತೆ ನೀರು ಬಿಡುವ ಆ ಮನುಷ್ಯ ಸಾಲ ಮಾಡಿ ಮನೆ ನಡೆಸುತ್ತಿದ್ದ. ಎರಡೂ ಪುಸ್ತಕಗಳನ್ನು ನಾನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದೆ. ಟೈಲ್ಸಿನ ಬಿಲ್ಲಿನಲ್ಲಿ ನಿಯಮ ಮೀರಿದ್ದು ಏನೂ ಇರಲಿಲ್ಲ. ಸಂಬಳ ಬಾಕಿ ಉಳಿದದ್ದಕ್ಕೂ ಕಾರಣ ಸ್ಪಷ್ಟವಾಗಿತ್ತು, ಆ ಖರ್ಚಿಗೆಂದು ಇರುವ ಲೆಕ್ಕಶೀರ್ಷಿಕೆಯಲ್ಲಿ ಹಣ ಬಿಡುಗಡೆಯಾಗಿರಲಿಲ್ಲ. ಹೀಗಾಗಿ ನನ್ನ ವರದಿಯಲ್ಲಿ ಆಕ್ಷೇಪಣೆ ಬರೆಯಲು ಜಾಗವೇ ಇರಲಿಲ್ಲ. ಅಲ್ಲಿ ಯಾರೂ ಕಳ್ಳರಲ್ಲ, ಯಾರೂ ಸೋಮಾರಿಗಳಲ್ಲ, ಆದರೂ ಆ ಊರಿನ ಹಣ ಬೇಕಾದ ಕಡೆ ಇರಲಿಲ್ಲ. ಸುಧಾರಣೆಯ ಮಾತು ಬಂದಾಗಲೆಲ್ಲ ನಾವು ಭ್ರಷ್ಟಾಚಾರದ ಬಗ್ಗೆ ಮಾತನಾಡುತ್ತೇವೆ, ಮಾತನಾಡಲೇಬೇಕು. ಆದರೆ ಎಲ್ಲರೂ ಪ್ರಾಮಾಣಿಕರಾಗಿದ್ದಾಗಲೂ ಹಣ ದಾರಿ ತಪ್ಪುವಂತೆ ಮಾಡುವ ಏರ್ಪಾಡು ಅದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಆ ದಿನದಿಂದ ನನ್ನನ್ನು ಕಾಡಿದ್ದು ಅದು.

ಈ ಏರ್ಪಾಡು ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂದು ಒಂದೇ ಉಸಿರಿನಲ್ಲಿ ಹೇಳುವ ಬಳ್ಳಾರಿ, ರಾಯಚೂರು, ಕೊಪ್ಪಳಗಳ ಆಡಳಿತದ ಹಿನ್ನೆಲೆ ಒಂದೇ ಅಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಬ್ರಿಟಿಷರ ಕಾಲದಿಂದಲೇ ಜಿಲ್ಲಾ ಬೋರ್ಡುಗಳಿದ್ದವು, ರಸ್ತೆಗೆ, ಶಾಲೆಗೆ ಸ್ಥಳೀಯವಾಗಿ ತೆರಿಗೆ ಎತ್ತಿ ಸ್ಥಳೀಯವಾಗಿ ಖರ್ಚು ಮಾಡುವ ಅಭ್ಯಾಸ ಸ್ವಲ್ಪಮಟ್ಟಿಗಾದರೂ ಬೆಳೆದಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದು, 1948ರ ಸೆಪ್ಟೆಂಬರ್ 17ರ ವಿಮೋಚನೆಯ ನಂತರವೂ ಹೈದರಾಬಾದ್ ರಾಜ್ಯದ ಭಾಗವಾಗಿಯೇ ಉಳಿದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕೊಪ್ಪಳ ಜಿಲ್ಲೆಯಾದದ್ದಂತೂ 1997ರಲ್ಲಿ. ಅಂದರೆ ಊರಿನ ಕೆಲಸಕ್ಕೆ ಊರಿನವರೇ ಲೆಕ್ಕ ಕೇಳುವ ಪದ್ಧತಿ ನಮ್ಮಲ್ಲಿ ಬಹುತೇಕ ಕಡೆ ಒಂದು ಪೂರ್ತಿ ತಲೆಮಾರು ತಡವಾಗಿ ಶುರುವಾಯಿತು. ಹಿಂದುಳಿದಿದ್ದೇವೆ ಎಂದರೆ ರಸ್ತೆ ಮತ್ತು ಕಟ್ಟಡದಲ್ಲಿ ಮಾತ್ರ ಎಂದು ತಿಳಿಯಬಾರದು, ಈ ಅಭ್ಯಾಸದಲ್ಲಿಯೂ ಹಿಂದುಳಿದೆವು.

ಹಾಗೆಂದು ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲಿ, ನಮ್ಮ ವಿಧಾನಮಂಡಲ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆಯನ್ನು ಅಂಗೀಕರಿಸಿತ್ತು. 1987ರಲ್ಲಿ ಚುನಾವಣೆ ನಡೆದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು, ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಅವರ ಅಧೀನದಲ್ಲಿ ಮುಖ್ಯ ಕಾರ್ಯದರ್ಶಿಯಾಗಿರುತ್ತಿದ್ದರು. ಇದರ ಹಿಂದೆ ನಿಂತವರು ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ನನಗೆ ಅವರಲ್ಲಿ ಗೌರವ ಹೆಚ್ಚಲು ಇನ್ನೂ ಒಂದು ಕಾರಣವಿದೆ. ಕೊಳವೆಬಾವಿ ಕೊರೆಸಿ ಹೆಸರು ಮಾಡಿದ ಸಚಿವರು ಮುಂದೆಯೂ ಅದನ್ನೇ ಮಾಡಿಕೊಂಡಿರಬಹುದಿತ್ತು. ಅವರು ತಮ್ಮ ಇಲಾಖೆಯ ಅಧಿಕಾರವನ್ನೇ ಜಿಲ್ಲೆಗಳಿಗೆ ಬಿಟ್ಟುಕೊಡುವ ಕಾಯ್ದೆಗಾಗಿ ಹೋರಾಡಿದರು. ಅಧಿಕಾರದಲ್ಲಿದ್ದವರು ಅಧಿಕಾರ ಬಿಟ್ಟುಕೊಡುವುದು ನಮ್ಮಲ್ಲಿ ದಿನವೂ ನಡೆಯುವ ಸಂಗತಿಯಲ್ಲ.

ಈಗ ಎಲ್ಲಿದ್ದೇವೆ? ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ 29 ವಿಷಯಗಳನ್ನು ಪಟ್ಟಿ ಮಾಡಿದೆ. ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎಲ್ಲವೂ ಅದರಲ್ಲಿವೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಆ ಎರಡೂ ಹಂತಗಳನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ಪ್ರಕರಣ ಎಂದು ಕಾರಣಗಳನ್ನು ಹೇಳಲಾಯಿತು. ಯಾವ ಕಾರಣವೂ ಇಷ್ಟು ದೀರ್ಘ ಶೂನ್ಯಕ್ಕೆ ಸಮರ್ಥನೆಯಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಹಣದ ಪ್ರಶ್ನೆಯೂ ಹೌದು. ಕೇಂದ್ರ ಹಣಕಾಸು ಆಯೋಗದ ಅನುದಾನ ಚುನಾಯಿತ ಸಂಸ್ಥೆಗಳಿಗೆ ಮಾತ್ರ ಸಲ್ಲಬೇಕು ಎಂಬ ಷರತ್ತಿದೆ. ಚುನಾಯಿತ ಸದಸ್ಯರೇ ಇಲ್ಲದ ಜಿಲ್ಲಾ ಪಂಚಾಯಿತಿಗೆ ಆ ಹಣ ಕೇಳಲು ಯಾವ ನೈತಿಕ ಬಲವಿದೆ?

ಹಣಕಾಸು ಆಯೋಗದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಸಂವಿಧಾನದ 243ಐ ವಿಧಿಯ ಪ್ರಕಾರ ಪ್ರತಿ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ರಾಜ್ಯದ ಬೊಕ್ಕಸದಿಂದ ಪಂಚಾಯಿತಿಗಳಿಗೆ ಎಷ್ಟು ಪಾಲು ಎಂಬುದನ್ನು ಅದು ಶಿಫಾರಸು ಮಾಡಬೇಕು. ಮೊದಲ ಆಯೋಗ 1994ರಲ್ಲಿ ಬಂತು. ಆ ಲೆಕ್ಕದಲ್ಲಿ 2019ಕ್ಕೆ ಆರನೆಯದು ಬರಬೇಕಿತ್ತು. ಐದನೆಯ ಆಯೋಗ ರಚನೆಯಾದದ್ದು 2023ರಲ್ಲಿ. ಆಯೋಗ ತಡವಾದರೆ ಪಾಲು ತಡವಾಗುತ್ತದೆ, ಅಷ್ಟೇ ಅಲ್ಲ, ಮುಂದಿನ ಐದು ವರ್ಷ ನಮ್ಮ ಕೈಗೆ ಏನು ಬರುತ್ತದೆ ಎಂದು ಹೇಳಬಲ್ಲ ಒಂದೇ ಒಂದು ಕಾಗದವೂ ಜಿಲ್ಲೆಯ ಬಳಿ ಇಲ್ಲದಂತಾಗುತ್ತದೆ.

ಇನ್ನು ನಮ್ಮ ಭಾಗಕ್ಕೆ, ಅಂದಿನ ಹೈದರಾಬಾದ್ ಕರ್ನಾಟಕಕ್ಕೆ, ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಅದರ ಫಲವನ್ನು ಉಂಡಿದ್ದೀರಿ, ಇನ್ನೂ ಹಲವರು ಉಣ್ಣಲಿದ್ದೀರಿ. 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿಯಡಿ ಸ್ಥಳೀಯ ವೃಂದದ, ಅಂದರೆ ನಮ್ಮ ಭಾಗಕ್ಕೆಂದೇ ಗುರುತಿಸಿದ, ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80, ಡಿ ಗುಂಪಿಗೆ ಶೇ. 85 ಮೀಸಲಾತಿ ದೊರೆಯಿತು. ಶಿಕ್ಷಣದಲ್ಲಿ ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು. ಹಳ್ಳಿಯ ಮಕ್ಕಳು ವೈದ್ಯರಾಗಿ ಬರುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಾಗಿ ದಶಕಗಳ ಕಾಲ ಹೋರಾಡಿದ ಹಿರಿಯರನ್ನು ನೆನೆಯದೆ ಮುಂದೆ ಹೋಗಲಾರೆ.

ಅದೇ ವಿಧಿಯ ಇನ್ನೊಂದು ಕೈ ಅಭಿವೃದ್ಧಿ ಮಂಡಳಿ. 1991ರ ಕಾಯ್ದೆಯಿಂದ ಬಂದ ಹಳೆಯ ಮಂಡಳಿಯ ಜಾಗದಲ್ಲಿ 2013ರಲ್ಲಿ ಹೊಸ ಮಂಡಳಿ ಬಂತು. 2019ರಲ್ಲಿ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾದ ಮೇಲೆ ಮಂಡಳಿಯ ಹೆಸರೂ ಬದಲಾಯಿತು. 2022-23ರ ಬಜೆಟ್ಟಿನಲ್ಲಿ ಅದಕ್ಕೆ 3,000 ಕೋಟಿ ರೂಪಾಯಿ ಘೋಷಣೆಯಾಯಿತು, ಮರುವರ್ಷ ಅದು 5,000 ಕೋಟಿಗೆ ಏರಿತು. ಇದು ಸಣ್ಣ ಮೊತ್ತವಲ್ಲ, ಇದನ್ನು ಯಾರೂ ಕಡೆಗಣಿಸಬಾರದು. ಆದರೆ ಎರಡು ಮಾತುಗಳನ್ನು ಹೇಳಲೇಬೇಕು. ಮೊದಲನೆಯದು, ಈ ಮೊತ್ತ ಪ್ರತಿ ವರ್ಷದ ಬಜೆಟ್ ಭಾಷಣದಲ್ಲಿ ತೀರ್ಮಾನವಾಗುತ್ತದೆ. ಈ ವರ್ಷ ಎಷ್ಟು ಎಂಬುದು ಗೊತ್ತು, ಐದನೇ ವರ್ಷ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಮುಂದಿನದು ತಿಳಿಯದವನು ಒಂದು ವರ್ಷದಲ್ಲಿ ಮುಗಿಯುವ ಕೆಲಸವನ್ನೇ ಹಿಡಿಯುತ್ತಾನೆ. ಒಂದು ವರ್ಷದಲ್ಲಿ ಮುಗಿಯುವುದು ಕೊಠಡಿ, ಸಿಸಿ ರಸ್ತೆ, ಸಮುದಾಯ ಭವನ. ಒಬ್ಬ ಶಿಕ್ಷಕಿಯ ಸೇವೆ ಮೂವತ್ತು ವರ್ಷದ್ದು, ಒಬ್ಬ ಶುಶ್ರೂಷಕಿಯದೂ ಹಾಗೆಯೇ. ಆದ್ದರಿಂದ ಮಂಡಳಿಯ ಹಣದ ಬಹುಪಾಲು ಕಾಮಗಾರಿಗಳಿಗೆ ಹೋಗುವುದು ಸಹಜ, ಅದರಲ್ಲಿ ಅಧಿಕಾರಿಗಳ ತಪ್ಪು ಹುಡುಕಿ ಪ್ರಯೋಜನವಿಲ್ಲ. ಹಣ ಬರುವ ಬಗೆಯೇ ಖರ್ಚಿನ ಬಗೆಯನ್ನು ನಿರ್ಧರಿಸುತ್ತಿದೆ.

ಎರಡನೆಯದು, ಮಂಡಳಿ ಯಾರಿಗೆ ಉತ್ತರ ಹೇಳಬೇಕು? ಅದರ ವಾರ್ಷಿಕ ವರದಿಯನ್ನು ವಿಧಾನಸಭೆಯ ಮುಂದೆ ಇಡಬೇಕು ಎಂದು ಸಂವಿಧಾನ ಹೇಳುತ್ತದೆ. ಯಲಬುರ್ಗಾದ ಗ್ರಾಮಸಭೆಗೆ, ಕೊಪ್ಪಳದ ಜಿಲ್ಲಾ ಪಂಚಾಯಿತಿಗೆ ಅದು ಲೆಕ್ಕ ಒಪ್ಪಿಸಬೇಕಾಗಿಲ್ಲ. ಒಂದು ಕಡೆ ಚುನಾಯಿತ ಜಿಲ್ಲಾ ಪಂಚಾಯಿತಿಯನ್ನು ಖಾಲಿ ಬಿಟ್ಟು, ಇನ್ನೊಂದು ಕಡೆ ನಾಮನಿರ್ದೇಶಿತ ಮಂಡಳಿಯ ಕೈಗೆ ಸಾವಿರಾರು ಕೋಟಿ ಕೊಟ್ಟರೆ, ಕಟ್ಟಡ ಮಂಡಳಿಯದ್ದಾಗುತ್ತದೆ, ಅದನ್ನು ನಡೆಸುವ ಹೊರೆ ಪಂಚಾಯಿತಿಯದ್ದಾಗುತ್ತದೆ. ಕಟ್ಟಿದವರು ಒಬ್ಬರು, ನಡೆಸಬೇಕಾದವರು ಇನ್ನೊಬ್ಬರು. ಹಸ್ತಾಂತರದ ಕಾಗದಕ್ಕೆ ಸಹಿ ಬಿದ್ದ ದಿನವೇ ಆ ಆಸ್ತಿ ಅನಾಥವಾಗುತ್ತದೆ.

ದೀರ್ಘಕಾಲದ ಯೋಜನೆಯನ್ನು ಯಾರೂ ಯೋಚಿಸಿರಲಿಲ್ಲ ಎನ್ನುವಂತಿಲ್ಲ. ರಾಜ್ಯದ ಪ್ರಾದೇಶಿಕ ಅಸಮಾನತೆಯ ಬಗ್ಗೆ ಪ್ರೊ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ದೇವದುರ್ಗ, ಲಿಂಗಸುಗೂರು, ಮಾನ್ವಿ, ಸಿಂಧನೂರು, ಕುಷ್ಟಗಿ, ಯಲಬುರ್ಗಾ, ಸಂಡೂರು, ಕೂಡ್ಲಿಗಿ. ಇದು ಆ 21ರಲ್ಲಿ ನಮ್ಮ ಅಂದಿನ ಮೂರು ಜಿಲ್ಲೆಗಳ ಪಟ್ಟಿ. ಸಂಡೂರಿನ ಹೆಸರನ್ನು ಗಮನಿಸಿ, ಅದಕ್ಕೆ ಮತ್ತೆ ಬರುತ್ತೇನೆ. ಸಮಿತಿ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹೂಡಬೇಕೆಂದು ಹೇಳಿತು. ಮೊತ್ತಕ್ಕಿಂತ ಆ ಎಂಟು ವರ್ಷ ಎಂಬ ಮಾತು ನನಗೆ ಮುಖ್ಯ. ಹಿಂದುಳಿದಿರುವಿಕೆ ಒಂದು ವರ್ಷದಲ್ಲಿ ಹೋಗುವ ಸಂಗತಿಯಲ್ಲ, ಅದಕ್ಕೆ ಅವಧಿಯ ಒಪ್ಪಂದ ಬೇಕು ಎಂದು ಅವರಿಗೆ ಗೊತ್ತಿತ್ತು. ಆ ವರದಿಯಂತೆ ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಅದು ಮತ್ತೆ ವರ್ಷದಿಂದ ವರ್ಷಕ್ಕೆ ಹಂಚಿಕೆ, ಬಿಡುಗಡೆ, ಉಳಿಕೆ ಎಂಬ ಹಳೆಯ ಜಾಡನ್ನೇ ಹಿಡಿಯಿತು. ಹಂಚಿಕೆಯಾದದ್ದೆಲ್ಲ ಬಿಡುಗಡೆಯಾಗುವುದಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗುವುದಿಲ್ಲ. ಪತ್ರಿಕೆಯಲ್ಲಿ ಮೊದಲನೆಯ ಅಂಕಿಯನ್ನು ಮಾತ್ರ ಓದಿ ಸಮಾಧಾನಪಟ್ಟುಕೊಳ್ಳಬೇಡಿ ಎಂದು ಲೆಕ್ಕ ನೋಡಿದವನಾಗಿ ಕೇಳಿಕೊಳ್ಳುತ್ತೇನೆ.

ಇಲ್ಲಿ ಸ್ವಲ್ಪ ದೂರದ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನೊಳಗೆ ಸ್ಕಾಟ್ಲೆಂಡಿಗೆ 1999ರಲ್ಲಿ ತನ್ನದೇ ಸಂಸತ್ತು ಬಂತು. ಆರೋಗ್ಯ, ಶಿಕ್ಷಣ, ಸ್ಥಳೀಯ ಆಡಳಿತ ಅದರ ಕೈಗೆ ಹೋದವು. ಹಣ ಮಾತ್ರ ಬಹುಪಾಲು ಲಂಡನ್ನಿನಿಂದಲೇ ಬರಬೇಕಿತ್ತು. 1970ರ ದಶಕದ ಕೊನೆಯಿಂದ ಅಲ್ಲಿ ಬಾರ್ನೆಟ್ ಸೂತ್ರ ಎಂಬುದೊಂದಿದೆ: ಅಂಥದ್ದೇ ಸೇವೆಗಳ ಮೇಲೆ ಇಂಗ್ಲೆಂಡಿನಲ್ಲಿ ಖರ್ಚು ಎಷ್ಟು ಏರಿತೋ ಇಳಿಯಿತೋ, ಜನಸಂಖ್ಯೆಯ ಪ್ರಮಾಣದಲ್ಲಿ ಅಷ್ಟೇ ಏರಿಳಿತ ಇವರ ಪಾಲಿಗೂ. ಸೂತ್ರವಿರುವುದರಿಂದ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ, ಅದು ಒಳ್ಳೆಯದು. ಆದರೆ ಇಂಗ್ಲೆಂಡಿನ ಆಸ್ಪತ್ರೆಗಳ ಬಗ್ಗೆ ಲಂಡನ್ ಏನು ತೀರ್ಮಾನಿಸುತ್ತದೆಯೋ ಅದರ ಮೇಲೆ ಸ್ಕಾಟ್ಲೆಂಡಿನ ಶಾಲೆಯ ಹಣ ನಿಂತಿರುತ್ತದೆ, ಅದು ತೊಡಕು. ಮುಂದೆ ಆದಾಯ ತೆರಿಗೆಯ ದರ ನಿಗದಿ ಮಾಡುವ ಅಧಿಕಾರವನ್ನೂ ಅವರು ಪಡೆದರು.

ನಮಗೆ ಕೆಲಸಕ್ಕೆ ಬರುವುದು ಅಲ್ಲಿನ 2011ರ ಕ್ರಿಸ್ಟಿ ಆಯೋಗದ ವರದಿ. ಹಣ ಬಿಗಿಯಾಗುತ್ತಿದ್ದ ಹೊತ್ತಿನಲ್ಲಿ ಸಾರ್ವಜನಿಕ ಸೇವೆಗಳ ಭವಿಷ್ಯವನ್ನು ಪರಿಶೀಲಿಸಿದ ಆ ಆಯೋಗ, ಸೇವೆಗಳ ವೆಚ್ಚದಲ್ಲಿ ಶೇ. 40ರವರೆಗೂ, ಮೊದಲೇ ಎಚ್ಚರ ವಹಿಸಿದ್ದರೆ ಬೇಕಾಗುತ್ತಲೇ ಇರದ ಕೆಲಸಗಳಿಗೆ ಹೋಗುತ್ತಿದೆ ಎಂದು ಅಂದಾಜಿಸಿತು. ರೋಗ ಬಂದ ಮೇಲೆ ಆಸ್ಪತ್ರೆ, ಮಗು ಶಾಲೆ ಬಿಟ್ಟ ಮೇಲೆ ಸುಧಾರಣಾ ಕಾರ್ಯಕ್ರಮ. ಅಂಥ ಶ್ರೀಮಂತ ದೇಶದ ಲೆಕ್ಕವೇ ಹೀಗಿದ್ದರೆ ನಮ್ಮದು ಹೇಗಿರಬಹುದು ಎಂದು ಯೋಚಿಸಿ. 2022ರಲ್ಲಿ, ಮಳೆಗಾಲ ಶುರುವಾಗುವ ಹೊತ್ತಿಗೆ, ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಕೃಷ್ಣಾ ಒಂದು ಕಡೆ, ತುಂಗಭದ್ರಾ ಇನ್ನೊಂದು ಕಡೆ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ ಹೀಗಾಯಿತು. ನೀರು ಸೋಸುವ ಮರಳನ್ನು ಕಾಲಕಾಲಕ್ಕೆ ತೊಳೆಯುವುದು, ಸೋರುವ ಪೈಪು ಬದಲಿಸುವುದು, ಕ್ಲೋರಿನ್ ಅಳೆಯುವುದು, ಇವು ಯಾವ ನಗರಕ್ಕೂ ಭಾರವಾಗುವ ಖರ್ಚುಗಳಲ್ಲ. ತೀರಿಹೋದವರ ಮನೆಗೆ ಪರಿಹಾರದ ಚೆಕ್ಕು ಕೊಟ್ಟೆವು. ಆ ಚೆಕ್ಕಿನ ಹಣ ಒಂದು ವರ್ಷ ಮೊದಲು ನೀರಿನ ಘಟಕಕ್ಕೆ ಹೋಗಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಹಳ್ಳಿಗಳ ನೀರಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಪ್ಪಳ, ರಾಯಚೂರು ಜಿಲ್ಲೆಗಳ ಅಂತರ್ಜಲದಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಅದಕ್ಕೆಂದೇ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ ಕೊಡ ತುಂಬಿಸಿಕೊಂಡು ಹೋಗುವ ಹೆಣ್ಣುಮಕ್ಕಳನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನನ್ನ ಸ್ವಂತ ಊರಿನಲ್ಲಿಯೂ ಒಂದು ಬಂತು. ಎರಡು ವರ್ಷ ಚೆನ್ನಾಗಿ ನಡೆಯಿತು. ಗುತ್ತಿಗೆದಾರರ ನಿರ್ವಹಣೆಯ ಅವಧಿ ಮುಗಿದ ಮೇಲೆ ಒಳಗಿನ, ನೀರು ಸೋಸುವ ಮೆಂಬ್ರೇನ್ ಹೋಯಿತು. ಹೊಸದಕ್ಕೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಎಂಬ ಪತ್ರ ಪಂಚಾಯಿತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹೋಗಿ, ಬೇರೆ ಇಲಾಖೆಗೆ ಕೇಳಿ ಎಂಬ ಹಿಂಬರಹದೊಡನೆ ವಾಪಸ್ಸು ಬಂತು. ಅಷ್ಟರಲ್ಲಿ ನನ್ನ ಅತ್ತಿಗೆ ಮತ್ತೆ ಕೊಳವೆಬಾವಿಯ ಉಪ್ಪುನೀರಿಗೆ ಹೋಗುತ್ತಿದ್ದರು. ಈಗ ಜಲಜೀವನ್ ಮಿಷನ್ ಅಡಿ ಮನೆ ಮನೆಗೆ ನಳ ಬಂದಿದೆ, ತಲಾ ದಿನಕ್ಕೆ 55 ಲೀಟರ್ ಎಂಬ ಗುರಿಯಿದೆ. ನಳ ಹಾಕುವುದು ಕಟ್ಟುವ ಹಣ. ಅದರಲ್ಲಿ ಇಪ್ಪತ್ತು ವರ್ಷ ನೀರು ಬರುವಂತೆ ಮಾಡುವುದು ನಡೆಸುವ ಹಣ. ಎರಡನೆಯದನ್ನು ಈಗಲೇ ಬರೆದಿಡದಿದ್ದರೆ ಶುದ್ಧ ನೀರಿನ ಘಟಕಕ್ಕೆ ಆದದ್ದೇ ನಳಕ್ಕೂ ಆಗುತ್ತದೆ.

ಕೇರಳದ ಬಗ್ಗೆ ಒಂದೇ ಮಾತು. 1996ರಲ್ಲಿ ಅಲ್ಲಿನ ಸರ್ಕಾರ ಜನಯೋಜನೆ ಆರಂಭಿಸಿ, ರಾಜ್ಯದ ಯೋಜನಾ ಹಣದಲ್ಲಿ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಮೊದಲು ಸಾಮರ್ಥ್ಯ ಬೆಳೆಯಲಿ, ಆಮೇಲೆ ಹಣ ಕೊಡೋಣ ಎಂದು ಅವರು ಕಾಯಲಿಲ್ಲ. ಹಣ ಕೈಗೆ ಬಂದ ಮೇಲೆ ಸಾಮರ್ಥ್ಯ ಬೆಳೆಯಿತು, ತಪ್ಪುಗಳೂ ಆದವು, ತಪ್ಪುಗಳಿಂದ ಕಲಿತರು. ನಮ್ಮಲ್ಲಿ ಪಂಚಾಯಿತಿ ಸದಸ್ಯರಿಗೆ ಲೆಕ್ಕ ಬಾರದು ಎನ್ನುವ ಅಧಿಕಾರಿಗಳನ್ನು ನಾನು ನೋಡಿದ್ದೇನೆ. ಈಜು ಬಾರದವರನ್ನು ನೀರಿಗೆ ಇಳಿಸಬೇಡಿ ಎಂದರೆ ಅವರು ಈಜು ಕಲಿಯುವುದು ಎಲ್ಲಿ?

ಸಂಡೂರಿಗೆ ಬರುತ್ತೇನೆ. ದೇಶದ ಉಕ್ಕಿಗೆ ಅದಿರು ಕೊಟ್ಟ ತಾಲ್ಲೂಕು 2002ರಲ್ಲಿ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿತ್ತು. ಆ ಮೇಲೆ ಬಂದ ಅಕ್ರಮ ಗಣಿಗಾರಿಕೆಯ ವರ್ಷಗಳು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು, ಇವನ್ನು ಮತ್ತೆ ಹೇಳುವುದಿಲ್ಲ. ಆದರೆ ಆ ಕಹಿಯ ನಂತರ ಎರಡು ನಿಧಿಗಳು ಹುಟ್ಟಿಕೊಂಡವು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಲೆಕ್ಕದಲ್ಲಿ ಹಳೆಯ ಗುತ್ತಿಗೆಗಳಿಂದ ಶೇ. 30, ಹರಾಜಿನ ಹೊಸ ಗುತ್ತಿಗೆಗಳಿಂದ ಶೇ. 10 ಸೇರುತ್ತದೆ. ಇನ್ನೊಂದು, ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿದ ನಿಧಿ. ಅದರ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ. ಅದಿರು ಒಂದು ಸಲ ತೆಗೆದರೆ ಮತ್ತೆ ಬೆಳೆಯುವುದಿಲ್ಲ. ಅದರಿಂದ ಬಂದ ಹಣವೂ ಒಂದೇ ಸಲದ್ದು. ಅದನ್ನು ಪೂರ್ತಿ ಕಾಂಕ್ರೀಟಿಗೆ ಸುರಿದರೆ, ಗಣಿ ಮುಚ್ಚಿದ ದಿನ ಆ ಕಟ್ಟಡಗಳಿಗೆ ಬಣ್ಣ ಬಳಿಯಲೂ ಹಣವಿರುವುದಿಲ್ಲ. ಈ ನಿಧಿಗಳಲ್ಲಿ ಒಂದು ಪಾಲನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ಮಾತ್ರ ಗಣಿ ಹಳ್ಳಿಗಳ ಆರೋಗ್ಯ ಕೇಂದ್ರ, ಶಾಲೆ, ನೀರು ನಡೆಯುವಂತೆ ಮಾಡಬೇಕು ಎಂಬುದು ನನ್ನ ಒತ್ತಾಯ. ಧೂಳು ಕುಡಿದ ಹಳ್ಳಿಯ ಮೊಮ್ಮಗನಿಗೂ ಆ ಬೆಟ್ಟದಲ್ಲಿ ಪಾಲಿದೆ.

ಇಡೀ ಭಾಗಕ್ಕೆ ಏನು ಬೇಕು ಎಂದರೆ, ನನ್ನ ಕೇಳಿಕೆ ಹೀಗಿದೆ. ಮಂಡಳಿಯ ಮೊತ್ತವನ್ನು ಐದು ವರ್ಷಕ್ಕೆ ಮೊದಲೇ ಘೋಷಿಸಬೇಕು, ಸರ್ಕಾರ ಬದಲಾದರೂ ಅದು ಬದಲಾಗದಂತೆ ಸದನದ ನಿರ್ಣಯದ ಬಲ ಅದಕ್ಕಿರಬೇಕು. ಹೊಸ ಕಟ್ಟಡಕ್ಕೆ ಮಂಜೂರಾತಿ ಕೊಡುವಾಗ, ಅದನ್ನು ಹತ್ತು ವರ್ಷ ನಡೆಸಲು ಬೇಕಾದ ಸಿಬ್ಬಂದಿ ಮತ್ತು ನಿರ್ವಹಣೆಯ ಅಂದಾಜು ಅದೇ ಅಂದಾಜು ಪತ್ರಿಕೆಯಲ್ಲಿರಬೇಕು. ಹುದ್ದೆ ಮಂಜೂರಾಗದ ಆಸ್ಪತ್ರೆಗೆ ಕಲ್ಲು ಇಡಬಾರದು. ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದು, ಮಂಡಳಿಯ ಕ್ರಿಯಾ ಯೋಜನೆ ಅದರ ಮುಂದೆ ಚರ್ಚೆಯಾಗಬೇಕು. ನಮ್ಮ ಕಡೆಯಿಂದಲೂ ಒಂದು ಹೊಣೆಯಿದೆ. ಮನೆಗಂದಾಯ ಕಟ್ಟುವುದರಲ್ಲಿ, ನೀರಿನ ಕರ ಕಟ್ಟುವುದರಲ್ಲಿ ನಾವು ಹಿಂದಿದ್ದೇವೆ. ಬರಗಾಲದ ನಾಡಿನಲ್ಲಿ ಬಡವರಿಂದ ಕರ ಕೇಳಬಹುದೇ ಎಂದು ಕೆಲವರು ಕೇಳುತ್ತಾರೆ. ಬಡವರಿಗೆ ವಿನಾಯಿತಿ ಕೊಡೋಣ. ಎರಡು ಮಹಡಿಯ ಮನೆಯವರ, ರೈಸ್ ಮಿಲ್ಲಿನವರ, ಕಲ್ಯಾಣ ಮಂಟಪದವರ ಬಾಕಿಯನ್ನು ವಸೂಲಿ ಮಾಡಲು ಸದಸ್ಯರಿಗೆ ಸಂಕೋಚವೇಕೆ? ಪಂಚಾಯಿತಿಯ ಸ್ವಂತ ಕರ ಚಿಕ್ಕದಾಗಿರಬಹುದು, ಆದರೆ ಯಾರ ಷರತ್ತೂ ಇಲ್ಲದ ಹಣ ಅದೊಂದೇ.

ಮಾತು ಮುಗಿಸುವ ಮೊದಲು ಪ್ರಶ್ನೆ ಕೇಳಬಹುದೆಂದು ಸಂಘಟಕರು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆ ಎದ್ದು ನಿಂತರು. "ಸರ, ನಮ್ಮೂರಾಗ ನೀರಿನ ಮಷಿನ್ ಕೆಟ್ಟು ಬಾಳ ದಿನ ಆತು. ರೊಕ್ಕ ಯಾವದರಾಗ ಹಾಕೂಣ್ರಿ? ನೀರಗಂಟಿ ಪಗಾರ ಅದರಾಗ ಕೊಡಾಕ ಬರತೈತೇನ್ರಿ?" ಎಂದು ಕೇಳಿದರು. ಇಡೀ ಸಂಜೆಯಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆ ಬರಲಿಲ್ಲ, ಆದ್ದರಿಂದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಅಕ್ಕಾ, 15ನೇ ಹಣಕಾಸು ಆಯೋಗ 2021-26ರ ಅವಧಿಗೆ ನಿಮ್ಮ ಪಂಚಾಯಿತಿಗೆ ನಿಗದಿ ಮಾಡಿದ ಹಣದಲ್ಲಿ ನೂರಕ್ಕೆ ಅರವತ್ತು ಭಾಗ ನಿರ್ಬಂಧಿತ ಅನುದಾನ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ನಲವತ್ತು ನಿಮ್ಮ ಊರಿನ ಅಗತ್ಯಕ್ಕೆ ಬಿಟ್ಟದ್ದು, ಆದರೆ ಅದರಿಂದ ಸಂಬಳ ಕೊಡಲು ಬರುವುದಿಲ್ಲ. ಮೆಂಬ್ರೇನನ್ನು ಕುಡಿಯುವ ನೀರಿನ ಪಾಲಿನಿಂದ ಬದಲಿಸಬಹುದು, ಅದಕ್ಕೆ ಅದು ಕ್ರಿಯಾ ಯೋಜನೆಯಲ್ಲಿ ನಿರ್ವಹಣೆ ಎಂದು ಬರೆದಿರಬೇಕು. ನೀರಗಂಟಿಯ ಸಂಬಳ ರಾಜ್ಯದ ಶಾಸನಬದ್ಧ ಅನುದಾನದಿಂದ ಅಥವಾ ನಿಮ್ಮ ಸ್ವಂತ ಕರದಿಂದ ಹೋಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಹೊಸ ಕಾಮಗಾರಿಗಳ ಪಟ್ಟಿ ಓದುವ ಮೊದಲು, ಈಗ ಇರುವ ಘಟಕ, ನಳ, ಮೋಟರು, ಟ್ಯಾಂಕುಗಳ ಪಟ್ಟಿಯನ್ನು ಓದಿಸಿ, ಒಂದೊಂದರ ಎದುರು ವರ್ಷದ ಖರ್ಚು ಬರೆಯಿಸಿ. ಅಷ್ಟು ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಹೊಸದನ್ನು ಕಟ್ಟಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರು ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ ಎಂದರೆ, ನಡಾವಳಿ ಪುಸ್ತಕದಲ್ಲಿ ಸಭೆಯ ನಿರ್ಣಯವಾಗಿ ಬರೆಯಿಸಿ, ನೀವು ಸಹಿ ಮಾಡಿ.